ಹೋಟೆಲಿನ ತಟ್ಟೆ

ಅಲೆವೂರಿನಿಂದ ಉಡುಪಿ ಪೇಟೆ ಬಹಳ ದೂರವೇನಲ್ಲ. ಆದರೂ ನಮ್ಮ ಬಾಲ್ಯದಲ್ಲಿ ಹೋಟೆಲಿನ ತಿಂಡಿ ದೊರೆಯುತ್ತಿದ್ದುದು ವರ್ಷಕ್ಕೊಮ್ಮೆ, ಮಕರ ಸಂಕ್ರಾಂತಿಯ ತೇರಿಗೆ ತಂದೆಯವರೊಡನೆ ಹೋದಾಗ ಮಾತ್ರ. ಇಂದು ಅನೇಕ ಮಕ್ಕಳಿಗೆ ಅದು ವಾರವಾರದ ಮಾತಾಗಿದೆ. ಅಪರೂಪದ ತಿಂಡಿ ನಾಲಗೆಯನ್ನು ತಣಿಸಿದರೆ ಸಾಕು. ಪದೇಪದೇ ಉಣ್ಣುವುದು ದೇಹವನ್ನೂ ಪೋಷಿಸಬೇಕು.

ಕಳೆದ ರಜೆಯಲ್ಲಿ ಮೊಮ್ಮಗನೊಡನೆ ಪೇಟೆಗೆ ಹೋಗಿದ್ದೆ. ಹೋಟೆಲಿನಲ್ಲಿ ಕುಳಿತೊಡನೆ ಅವನು, "ಅಜ್ಜಾ, ನನಗೆ ಗೋಬಿ ಮಂಚೂರಿ, ಒಂದು ಕೂಲ್ ಡ್ರಿಂಕ್ಸ್" ಎಂದ. ನನ್ನ ಮುಖ ನೋಡಿ, "ಹೂಕೋಸು ತರಕಾರಿಯೇ ಅಲ್ಲವೇ?" ಎಂದು ವಾದ ಹೂಡಿದ.

ವಾದ ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಹೂಕೋಸನ್ನು ಮೈದಾ ಮತ್ತು ಕಾರ್ನ್‌ಫ್ಲೋರಿನ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಉಪ್ಪು ತುಂಬಿದ ಸಾಸ್‌ಗಳಲ್ಲಿ ಹೊರಳಿಸಿದ ಮೇಲೆ ತರಕಾರಿಯ ಗುಣ ಹಿಂದೆ ಸರಿಯುತ್ತದೆ. ಕೆಲವೆಡೆ ಅದಕ್ಕೆ ಹಾನಿಕರವಾದ ಕೃತಕ ಬಣ್ಣ ಬೆರೆಸುತ್ತಿದ್ದುದು ಪರೀಕ್ಷೆಯಿಂದ ತಿಳಿದುಬಂದಾಗ, ಕರ್ನಾಟಕ ಸರ್ಕಾರವು 2024ರ ಮಾರ್ಚ್ ತಿಂಗಳಲ್ಲಿ ಅದರಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಇನ್ನು ಸಿಹಿ ಪಾನೀಯದ ಮಾತು: ಅಂತಹ ಹಲವು ಪಾನೀಯಗಳ 250 ಮಿಲಿಲೀಟರಿನಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿರುತ್ತದೆ.

ಅದೇ ಹೋಟೆಲಿನಲ್ಲಿ ಇಡ್ಲಿ-ಸಾಂಬಾರೂ ಇತ್ತು. ಅಕ್ಕಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಉದ್ದಿನಬೇಳೆಯಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೊನಿನ್ ಅಂಶವನ್ನು ಅಕ್ಕಿ ಒದಗಿಸುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹುದುಗು ಬಂದ ಹಿಟ್ಟನ್ನು ಹಬೆಯಲ್ಲಿ ಬೇಯಿಸುವುದರಿಂದ ಇಡ್ಲಿ ಸುಲಭವಾಗಿ ಜೀರ್ಣವಾಗುತ್ತದೆ. ಸಾಂಬಾರಿನಿಂದ ತೊಗರಿಬೇಳೆ, ತರಕಾರಿಗಳೂ ದೊರೆಯುತ್ತವೆ.

ಹಾಗೆಂದು ನಮ್ಮೂರಿನದೆಲ್ಲ ಒಳ್ಳೆಯದು, ಹೊರಗಿನದೆಲ್ಲ ಕೆಟ್ಟದು ಎಂದು ತೀರ್ಮಾನಿಸಬಾರದು. ನಮ್ಮ ಗೋಳಿಬಜೆಯೂ ಬನ್ಸೂ ಎಣ್ಣೆಯಲ್ಲಿ ಕರಿದ ಮೈದಾ ತಿಂಡಿಗಳೇ. ತಿಂಡಿಯ ಹೆಸರಿಗಿಂತ ಅದರಲ್ಲಿ ಏನಿದೆ, ಅದನ್ನು ಹೇಗೆ ಬೇಯಿಸಿದ್ದಾರೆ ಎಂಬುದು ಮುಖ್ಯ. ಬೇಳೆಕಾಳುಗಳಿವೆಯೇ? ತರಕಾರಿಯೋ ಹಣ್ಣೋ ಇದೆಯೇ? ಕರಿದದ್ದೋ, ಬೇಯಿಸಿದ್ದೋ? ತಟ್ಟೆಯ ಮುಂದೆ ಕುಳಿತಾಗ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮಕ್ಕಳೇ, ನಿಮ್ಮದು ಎಲುಬು ಬಲಿಯುವ, ರಕ್ತ ಹೆಚ್ಚುವ ವಯಸ್ಸು. ಈಗ ಉಂಡದ್ದೇ ಮುಂದಿನ ದೇಹಕ್ಕೆ ಬುನಾದಿ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯಲ್ಲಿ 'ಬಲ್ಲವನಿಗೆ' ಎಂಬ ಮಾತೇ ಮುಖ್ಯ.

ಅಂದು ನಾವಿಬ್ಬರೂ ಒಂದು ತಟ್ಟೆ ಗೋಬಿಯನ್ನು ಹಂಚಿಕೊಂಡು, ಇಡ್ಲಿ-ಸಾಂಬಾರನ್ನೂ ತಿಂದೆವು. ಸಿಹಿ ಪಾನೀಯಕ್ಕೆ ಬದಲಾಗಿ ಮೊಮ್ಮಗ ತಾನಾಗಿಯೇ ಮಜ್ಜಿಗೆ ತರಿಸಿಕೊಂಡ.