ಹಲ್ಲಿನ ಕಲೆ, ನೀರಿನ ದೋಷ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಅನೇಕ ಮಕ್ಕಳ ಹಲ್ಲುಗಳ ಮೇಲೆ ಹಳದಿ ಇಲ್ಲವೆ ಕಂದು ಗೆರೆಗಳನ್ನು ನಾವು ಕಾಣುತ್ತೇವೆ. ‘ಸರಿಯಾಗಿ ಹಲ್ಲುಜ್ಜುವುದಿಲ್ಲ’ ಎಂದು ಗದರುತ್ತೇವೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಅದು ಮೇಲೆ ಅಂಟಿದ ಕೊಳೆಯಲ್ಲ. ಹಲ್ಲು ರೂಪುಗೊಳ್ಳುವಾಗಲೇ ಒಳಸೇರಿದ ದೋಷ. ಇದಕ್ಕೆ ಫ್ಲೋರೋಸಿಸ್ ಎಂದು ಹೆಸರು. ಕಾರಣ, ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್.

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕೆರೆ ಕುಂಟೆಗಳನ್ನು ಕಟ್ಟಿ ಮಳೆನೀರನ್ನು ಹಿಡಿದಿಟ್ಟರು, ತೆರೆದ ಬಾವಿಯ ನೀರನ್ನು ಕುಡಿದರು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಗೂ ಆಳಕ್ಕಿಳಿದವು. ಅಲ್ಲಿ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಕರಗಿ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ತಿಳಿಯಾದ ನೀರೆಲ್ಲವೂ ನಿರ್ದೋಷವೆಂದು ನಂಬಲಾಗದು.

ದೇಹ ಸೇರಿದ ಫ್ಲೋರೈಡಿನ ಒಂದು ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದುದು ಬಹುತೇಕ ಮೂಳೆಗಳಲ್ಲಿ ನೆಲೆಸುತ್ತದೆ. ಬೆಳೆಯುವ ಮಕ್ಕಳ ಮೂಳೆಗಳು ಅದನ್ನು ಇನ್ನೂ ಹೆಚ್ಚಾಗಿ ಹಿಡಿದಿಡುತ್ತವೆ. ಭಾರತೀಯ ಮಾನಕದಂತೆ ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಕಡೆಯ ಮಿತಿ. ಇದನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲುನೋವು, ಕತ್ತು ಬೆನ್ನುಗಳ ಬಿಗಿತ, ಕೊನೆಗೆ ಬಾಗಿದ ಬೆನ್ನು ಬರಬಹುದು. ನೆಲ್ಲೂರು ಸೀಮೆಯಲ್ಲಿ ವೈದ್ಯರು ಈ ರೋಗವನ್ನು 1937ರಲ್ಲಿಯೇ ವರದಿ ಮಾಡಿದ್ದರು.

ನೀರನ್ನು ಕುದಿಸಿದರೆ ಸಾಕೆಂಬ ನಂಬಿಕೆ ನಮ್ಮಲ್ಲಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಸುಸ್ಥಿತಿಯಲ್ಲಿರುವ ಆರ್.ಒ. ಘಟಕ ಅದರ ಬಹುಪಾಲನ್ನು ತೆಗೆಯುತ್ತದೆ. ಆದರೆ ಘಟಕದ ನೀರನ್ನು ಕುಡಿದು, ಮುದ್ದೆ ಸಾರುಗಳಿಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ಅರ್ಧ ರಕ್ಷಣೆ ಮಾತ್ರ. ಅಡುಗೆಗೂ ಶುದ್ಧ ನೀರೇ ಬೇಕು. ಚಾವಣಿಯಿಂದ ಶುಚಿಯಾಗಿ ಸಂಗ್ರಹಿಸಿದ ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಅದನ್ನು ಸೋಸಿ, ಕುದಿಸಿ ಕುಡಿಯಬಹುದು.

ಆಹಾರವೂ ನೆರವಾಗುತ್ತದೆ. ಸುಣ್ಣದ ಅಂಶ ಫ್ಲೋರೈಡನ್ನು ಕರುಳಿನಲ್ಲಿಯೇ ಕಟ್ಟಿಹಾಕಿ, ರಕ್ತ ಸೇರುವುದನ್ನು ತಗ್ಗಿಸುತ್ತದೆ. ನಮ್ಮ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಹಾಲು, ಮೊಸರು, ಸೊಪ್ಪು, ನೆಲ್ಲಿಕಾಯಿ ಜೊತೆಗಿರಲಿ. ಕಪ್ಪುಪ್ಪು ಮತ್ತು ಗಟ್ಟಿ ಚಹಾ ಮಿತವಾಗಿರಲಿ.

ಒಮ್ಮೆ ಕೆಟ್ಟ ಹಲ್ಲನ್ನು, ಬಾಗಿದ ಬೆನ್ನನ್ನು ಮೊದಲಿನಂತಾಗಿಸುವ ಔಷಧವಿಲ್ಲ. ಮುಂಬಾಯಿಯ ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಎಚ್ಚರವೂ ಆಗಲೇ ಬೇಕು. ಊರಿನ ನೀರನ್ನು ಗ್ರಾಮ ಪಂಚಾಯಿತಿಯ ಮೂಲಕ ಪರೀಕ್ಷೆಗೆ ಕಳುಹಿಸೋಣ. ಕಾಯಕಕ್ಕೆ ಕಾಯವೇ ಆಸರೆ; ಅದನ್ನು ಕಾಯುವುದೂ ಒಂದು ಕಾಯಕವೇ. ಅಲ್ಲಿಯವರೆಗೆ ಮಕ್ಕಳನ್ನು ಗದರುವುದನ್ನಾದರೂ ನಿಲ್ಲಿಸೋಣ. ತಪ್ಪು ಅವರದಲ್ಲ.