ಐತಿಹಾಸಿಕ ಕಾದಂಬರಿಯಲ್ಲಿ ರಹಸ್ಯದ ಸ್ಥಾನ

ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ಯುದ್ಧದ ಸೋಲು ಗೆಲುವುಗಳು ವಾಚಕನಿಗೆ ಅನೇಕ ವೇಳೆ ಮೊದಲೇ ತಿಳಿದಿರುತ್ತವೆ. ಆದರೂ ಓದುವಾಗ ಕುತೂಹಲ ತಗ್ಗುವುದಿಲ್ಲ. ಇದಕ್ಕೆ ಕಾರಣವೇನು? ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ. 1865ರಲ್ಲಿ ಬಂಗಾಳಿಯಲ್ಲಿ ಪ್ರಕಟವಾದ ಈ ಕೃತಿಯನ್ನು ಬಿ. ವೆಂಕಟಾಚಾರ್ಯರು 1885ರಲ್ಲಿ ಕನ್ನಡಕ್ಕೆ ತಂದರು.

ಕಥೆಯ ಹಿನ್ನೆಲೆ 1590ರ ಸುಮಾರಿನ ಮೊಗಲ-ಪಠಾಣರ ಕಲಹ. ಬಿರುಗಾಳಿಯ ರಾತ್ರಿಯಲ್ಲಿ ರಾಜಾ ಮಾನಸಿಂಹನ ಮಗ ಜಗತ್‌ಸಿಂಹನು ಶೈಲೇಶ್ವರನ ಗುಡಿಯನ್ನು ಹೊಗುತ್ತಾನೆ. ಅಲ್ಲಿರುವ ಇಬ್ಬರು ಸ್ತ್ರೀಯರು ತಾವು ಯಾರೆಂದು ಹೇಳುವುದಿಲ್ಲ. ಕಿರಿಯವಳು ದುರ್ಗಾಧಿಪತಿ ವೀರೇಂದ್ರಸಿಂಹನ ಮಗಳು ತಿಲೋತ್ತಮೆ ಎಂಬುದು ಮುಂದೆ ತಿಳಿಯುತ್ತದೆ. ಆದರೆ ಜೊತೆಯಲ್ಲಿದ್ದ ವಿಮಲೆ ಯಾರು? ಇರುವುದು ದಾಸಿಯಂತೆ, ನಡೆನುಡಿ ದಾಸಿಯದಲ್ಲ.

ಬಹಳ ಕಾಲದ ಮೇಲೆ ಅವಳೇ ಬರೆದ ಪತ್ರದಿಂದ ಈ ಒಗಟು ಬಿಡುತ್ತದೆ. ಅವಳು ವೀರೇಂದ್ರನ ಕೈಹಿಡಿದ ಹೆಂಡತಿ. ತಾಯಿ ಶೂದ್ರಳೆಂಬ ಕಾರಣದಿಂದ, ಹೆಂಡತಿಯೆಂದು ಹೇಳಿಕೊಳ್ಳಲಾಗದೆ ಗಂಡನ ಮನೆಯಲ್ಲಿಯೇ ಪರಿಚಾರಿಕೆಯಾಗಿ ಬಾಳಿದವಳು.

ಪಠಾಣ ನಾಯಕ ಕತ್ಲೂಖಾನನು 1590ರಲ್ಲಿ ಕಾಯಿಲೆಯಿಂದ ತೀರಿಕೊಂಡನೆಂದು ಚರಿತ್ರೆ ಹೇಳುತ್ತದೆ. ಕಾದಂಬರಿಯಲ್ಲಾದರೋ, ಗಂಡನ ಶಿರಚ್ಛೇದ ಮಾಡಿಸಿದ ಅವನನ್ನು ವಿಮಲೆ ಉತ್ಸವದ ರಾತ್ರಿ ಇರಿದು ಕೊಲ್ಲುತ್ತಾಳೆ. ಇದನ್ನು ಚರಿತ್ರೆಯೆಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಬಾರದು, ಬರಲೂಬಾರದು. ಕತ್ಲೂಖಾನನ ಸಾವಿನ ಬಗೆ ಕಲ್ಪನೆ. ಹುಟ್ಟಿನ ಕಾರಣದಿಂದ ಒಬ್ಬಳ ಸ್ಥಾನವನ್ನು ಅಡಗಿಸಿಡುವುದು ಕಲ್ಪನೆಯೆಂದು ಯಾರು ಹೇಳಿಯಾರು?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಅರಸರ ಹೆಸರುಗಳನ್ನೂ ಯುದ್ಧದ ಇಸವಿಗಳನ್ನೂ ಬಾಯಿಪಾಠ ಮಾಡುವಾಗಲೆಲ್ಲ, ಆ ಕೋಟೆಗಳಿಗೆ ನೀರು ಹೊತ್ತವರು ಯಾರು, ಅವರ ಮನೆಯ ಸುಖದುಃಖಗಳೇನು ಎಂದು ಕೇಳಬೇಕೆನಿಸುತ್ತದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಸ್ಥಳವಿಲ್ಲ. ರಹಸ್ಯವುಳ್ಳ ಕಾದಂಬರಿಯು ಈ ಪ್ರಶ್ನೆಯನ್ನೇ ಕಥೆಯ ತಿರುಳಾಗಿ ಮಾಡಿಕೊಳ್ಳಬಲ್ಲದು. ಕುತೂಹಲದ ಆಸೆ ತೋರಿಸಿ, ರಾಜಕುಮಾರನನ್ನು ನೋಡಲು ಬಂದ ನಮ್ಮನ್ನು ಪರಿಚಾರಿಕೆಯ ಮುಖವನ್ನು ನೋಡುವಂತೆ ಮಾಡುತ್ತದೆ.

ರಹಸ್ಯ ಬಯಲಾದ ಮೇಲೆ ಮತ್ತೆ ಓದಿಸಿಕೊಳ್ಳುವ ಕಾದಂಬರಿಯೇ ಉತ್ತಮವಾದದ್ದೆಂದು ನನ್ನ ಅಭಿಪ್ರಾಯ. ವಿಮಲೆಯ ವಿನೋದದ ಮಾತುಗಳು ಮೊದಲ ಓದಿನಲ್ಲಿ ನಗಿಸುತ್ತವೆ. ಎರಡನೆಯ ಓದಿನಲ್ಲಿ, ಇಷ್ಟು ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ಹೇಗೆ ನಕ್ಕಳೆಂದು ಆಶ್ಚರ್ಯವಾಗುತ್ತದೆ.