ನೀರುಬಣ್ಣದ ಚಿತ್ರಲೇಖನ: ಕಲಿತು ಕಲಿಸುವ ಕ್ರಮ

ತಾನು ಕೈಯಿಂದ ಮಾಡಿ ನೋಡದ ಕೆಲಸವನ್ನು ಬಾಯಿಂದ ಕಲಿಸುವುದು ಕಷ್ಟ. ಚಿತ್ರಲೇಖನದಲ್ಲಿ ಈ ಮಾತು ಮತ್ತಷ್ಟು ಸತ್ಯವಾದುದು. ಹಾಳೆಯು ಕೆಟ್ಟೊಡನೆ ಬಾಲಕಿಯು "ನನಗೆ ಚಿತ್ರ ಬರದು" ಎಂದು ಕುಂಚವನ್ನು ಕೆಳಗಿಡುವಳು. ಕೆಟ್ಟುದು ನೀರು ಹೆಚ್ಚಾದುದರಿಂದಲೋ, ಅವಸರದಿಂದಲೋ ಎಂದು ತಿಳಿಸಬಲ್ಲವರು ಬಳಿಯಲ್ಲಿಲ್ಲದಿದ್ದರೆ ಅವಳು ಮತ್ತೆ ಅದನ್ನು ಹಿಡಿಯಲಾರಳು. ಆದುದರಿಂದ ಉಪಾಧ್ಯಾಯಿನಿಯರಾದ ನಾವು ಮೊದಲು ಶಿಷ್ಯೆಯರಾಗತಕ್ಕದ್ದು.

ನೀರುಬಣ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿದುದು. ತೆಳುವಾದ ಬಣ್ಣದ ಮೂಲಕ ಹಾಳೆಯ ಬಿಳುಪೇ ಬೆಳಕಾಗಿ ತೋರುವುದು. ಆದಕಾರಣ ಬಿಳಿಯ ಭಾಗವನ್ನು ಮೊದಲೇ ಬಿಟ್ಟುಕೊಂಡು, ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಸಾಗಬೇಕು. ತೆಳುಹಾಳೆಯನ್ನು ನೆನೆಸಿ, ಅಂಚುಗಳನ್ನು ಹಲಗೆಗೆ ಅಂಟಿಸಿ ಒಣಗಿಸಿಕೊಂಡರೆ ಅಷ್ಟಾಗಿ ಸುಕ್ಕುಗಟ್ಟದು. ಕುಂಚ ತೊಳೆಯಲು ಒಂದು, ಬಣ್ಣ ಕಲಸಲು ಒಂದು, ಹೀಗೆ ನೀರಿನ ಪಾತ್ರೆಗಳು ೨ ಇರಲಿ.

ಅಭ್ಯಾಸಕ್ಕೆ ನಮ್ಮ ಸೀಮೆಯ ವಸ್ತುಗಳೇ ಸಾಕು.

ಮೊದಲನೆಯದು ಸಮಬಣ್ಣ, ವಸ್ತು, ಮಾಲೂರಿನ ಹೆಂಚು. ಹಲಗೆಯನ್ನು ತುಸು ಓರೆಯಾಗಿಟ್ಟು, ತುಂಬಿದ ಕುಂಚದಿಂದ ಅಡ್ಡಗೆರೆ ಎಳೆಯಬೇಕು. ಗೆರೆಯ ಕೆಳಗೆ ನಿಂತ ಬಣ್ಣದ ನೀರನ್ನು ಮುಂದಿನ ಗೆರೆಯೊಡನೆ ಕೆಳಗೆ ಒಯ್ಯಬೇಕು.

ಎರಡನೆಯದು ಇಳಿಬಣ್ಣ; ಕೋಲಾರದ ಅಂತರಗಂಗೆ ಬೆಟ್ಟದ ಮೇಲಣ ಆಕಾಶ. ಗೆರೆಗೆರೆಗೂ ನೀರನ್ನು ಹೆಚ್ಚಿಸುತ್ತ ಬಂದರೆ ನೀಲಿಯು ಬೆಟ್ಟದ ಬಳಿ ತಾನಾಗಿ ತಿಳಿಯಾಗುವುದು.

ಮೂರನೆಯದು ಒದ್ದೆಯಲ್ಲಿ ಒದ್ದೆ. ಶ್ರೀನಿವಾಸಪುರದ ಮಾವಿನ ಹಣ್ಣು. ಹಳದಿಯು ಆರುವ ಮುಂಚೆ ತೊಟ್ಟಿನ ಬಳಿ ಕೆಂಪನ್ನು ಮುಟ್ಟಿಸಿದರೆ ಎರಡೂ ಬೆರೆಯುವುವು.

ನಾಲ್ಕನೆಯದು ಒಣಕುಂಚ, ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದ ಬಂಡೆ. ಬಟ್ಟೆಗೆ ಒತ್ತಿ ನೀರು ತೆಗೆದ ಕುಂಚವನ್ನು ಒರಟುಹಾಳೆಯ ಮೇಲೆ ಹಗುರವಾಗಿ ಎಳೆದರೆ ಕಲ್ಲಿನ ಒರಟುತನವು ಮೂಡುವುದು.

ಬೇಸಗೆಯಲ್ಲಿ ಬಣ್ಣವು ಬೇಗ ಆರುವುದು. ಬೇಕಾದಷ್ಟನ್ನು ಮುಂಚೆಯೇ ಕಲಸಿಕೊಂಡು ಬೆಳಗಿನ ಹೊತ್ತಿನಲ್ಲಿ ಪಾಠ ನಡೆಸುವುದು ಮೇಲು.

ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು (೧೮೮೬-೧೯೬೫) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು. ಬಣ್ಣ ಹಚ್ಚಿದ ಹಾಳೆಯನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸುವ ಕ್ರಮಕ್ಕೆ ಆ ಗುರುಗಳು ಪ್ರಸಿದ್ಧರು. ಶಿಷ್ಯರಾದರೋ ಮುಂದೆ ಉದಕಮಂಡಲ, ಕೊಡೈಕಾನಲುಗಳ ಮಂಜನ್ನೂ ಬಿಸಿಲನ್ನೂ ಎದುರಿಗೆ ಕಂಡು ನೀರುಬಣ್ಣದಲ್ಲಿ ಬರೆದರು. ಗುರುವಿನಿಂದ ಕ್ರಮವನ್ನು ಕಲಿತು ಪ್ರಕೃತಿಯನ್ನು ಸ್ವಂತ ಕಣ್ಣಿಂದ ನೋಡುವುದು, ಇದೇ ನಮ್ಮ ಬಾಲಕಿಯರಿಗೂ ಬೇಕಾದ ದಾರಿ.

ಕೊನೆಯದಾಗಿ ಒಂದು ಸೂಚನೆ. ಪ್ರತಿಯೊಂದು ಪಾಠಕ್ಕೂ ಉಪಾಧ್ಯಾಯಿನಿಯು ೩ ಹಾಳೆಗಳನ್ನು ಸಿದ್ಧಪಡಿಸಲಿ: ಒಂದು ಸರಿಯಾದುದು, ಒಂದು ಬೇಕೆಂದೇ ನೀರು ಹೆಚ್ಚು ಮಾಡಿದುದು, ಒಂದು ಆರುತ್ತಿರುವಾಗ ಮತ್ತೆ ಮುಟ್ಟಿ ಕಲೆಯಾದುದು. ಹಿಂಬದಿಯಲ್ಲಿ ಕಾರಣಗಳನ್ನು ಬರೆದು ತರಗತಿಯ ಗೋಡೆಗೆ ತೂಗುಹಾಕಲಿ. ತನ್ನ ಹಾಳೆ ಕೆಟ್ಟ ಮಗುವು ಆಗ ಅಳುವುದಕ್ಕೆ ಬದಲಾಗಿ ಗೋಡೆಯ ಬಳಿಗೆ ಹೋಗಿ ಹೋಲಿಸಿ ನೋಡುವಳು; ಕಾರಣವನ್ನು ತಿಳಿದು ಇನ್ನೊಂದು ಹಾಳೆಯನ್ನು ಕೇಳುವಳು. ಆ ಹಾಳೆಯನ್ನು ನಾವು ಸಂತೋಷದಿಂದ ಕೊಡೋಣ.